ಹಿರಿಯರ ಎಲೆ, ಯಾರ ಊಟ

ಸತ್ತವರಿಗೆ ಊಟ ಬಡಿಸುವುದರಲ್ಲಿ ಒಂದು ಅನುಕೂಲವಿದೆ. ಉಪ್ಪು ಕಡಿಮೆಯಾಯಿತು ಎಂದು ಅವರು ಹೇಳುವುದಿಲ್ಲ. ಬದುಕಿರುವ ನೆಂಟರಿಗೆ ಬಡಿಸಿ ನೋಡಿ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಸೋಮವಾರ, ಮತ್ತೊಬ್ಬರು ‘ಸಾಕು ಸಾಕು’ ಎನ್ನುತ್ತಲೇ ಎಲೆಯನ್ನು ಮುಂದೆ ತಳ್ಳುತ್ತಾರೆ. ಹಿರಿಯರು ಹಾಗಲ್ಲ. ಇಟ್ಟದ್ದನ್ನು ಇಟ್ಟ ಹಾಗೆ ಸ್ವೀಕರಿಸಿ ಮುಂದಿನ ದೀಪಾವಳಿಯ ತನಕ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದನ್ನು ನಾನು ತೃಪ್ತಿ ಎಂದು ತಿಳಿದುಕೊಂಡಿದ್ದೆ. ಹಾಗೆ ತಿಳಿಯಬಾರದೆಂದು ಒಂದು ಸಂಜೆ ಗೊತ್ತಾಯಿತು. ಅಂದಿನಿಂದ ಊಟ ಮುಗಿಸಿದ ಯಾರಾದರೂ ಮಾತಾಡದೆ ಎದ್ದು ಹೋದರೆ ನಾನು ಹಿಂದೆಯೇ ಹೋಗಿ, ‘ಸರಿಯಾಗಿತ್ತಾ?’ ಎಂದು ಕೇಳುತ್ತೇನೆ.

ನಾನು ಕಂಡದ್ದನ್ನು ಕಂಡಷ್ಟೇ ಹೇಳುವವನು. ಇದು ಗುಣವಲ್ಲ, ಅಭ್ಯಾಸ. ಬಾಳೂರಿನ ನಮ್ಮ ಸುತ್ತಮುತ್ತ ಜೀಪು ಚರಂಡಿಗೆ ಇಳಿದರೂ, ಆನೆ ಬಂದು ಕಾಫಿ ಗಿಡ ಮುರಿದರೂ, ಯಾರದೋ ಬೇಲಿ ರಾತ್ರೋರಾತ್ರಿ ಎರಡು ಮಾರು ನಡೆದುಹೋದರೂ ಮಹಜರಿಗೆ ಸಾಕ್ಷಿ ಬೇಕೆಂದು ಕರೆಯುತ್ತಿದ್ದದ್ದು ನನ್ನನ್ನೇ. ಒಮ್ಮೆ ಅರಣ್ಯದವರು ‘ಆನೆಯು ತೋಟಕ್ಕೆ ನುಗ್ಗಿರುತ್ತದೆ’ ಎಂದು ಬರೆದುಕೊಳ್ಳುತ್ತಿದ್ದಾಗ ನಾನು ತಡೆದು, ‘ನುಗ್ಗಿದ್ದನ್ನು ನಾನು ನೋಡಿಲ್ಲ, ಲದ್ದಿಯನ್ನು ನೋಡಿದ್ದೇನೆ’ ಎಂದೆ. ‘ಹಂಗಾದ್ರೆ ಲದ್ದಿ ನುಗ್ತು ಅಂತ ಬರಿಯದಾ ಗೌಡ್ರೇ?’ ಎಂದು ಗಾರ್ಡ್ ಕೇಳಿದ. ಆಮೇಲಿನಿಂದ ಬೇರೆ ಯಾರೂ ಸಿಗದಿದ್ದರೆ ಮಾತ್ರ ನನ್ನನ್ನು ಕರೆಯುತ್ತಾರೆ. ಇಷ್ಟು ಹೇಳಿದ್ದು ಏಕೆಂದರೆ, ಮುಂದೆ ಹೇಳುವುದರಲ್ಲಿ ದೆವ್ವಗಳ ಪ್ರಸ್ತಾಪ ಬರುತ್ತದೆ. ನಾನು ದೆವ್ವವನ್ನು ನೋಡಿಲ್ಲ. ಬಾಳೆ ಎಲೆಗಳನ್ನು ನೋಡಿದ್ದೇನೆ.

ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದು ದೀಪಾವಳಿಯ ಅಮಾವಾಸ್ಯೆಗೆ. ನಡುಮನೆಯ ಗೋಡೆಗೆ ತಾಗಿ ನಾಲ್ಕು ಎಲೆ ಹಾಸುತ್ತೇವೆ. ಅಜ್ಜನಿಗೊಂದು, ಅಜ್ಜಿಗೊಂದು, ಅಪ್ಪನಿಗೊಂದು, ಅಮ್ಮನಿಗೊಂದು. ಕಡುಬು, ಕೋಳಿ ಸಾರು, ಪಾಯಸ ಎಲ್ಲರಿಗೂ ಸಮ. ಅದರ ಮೇಲೆ ಅವರವರಿಗೆ ಇಷ್ಟವಾದದ್ದು ಬೇರೆ. ಅಜ್ಜನ ಎಲೆಗೆ ಬ್ರಾಂದಿ ಮತ್ತು ಹುರಿದ ಹಂದಿಮಾಂಸ. ಅಜ್ಜಿಯ ಎಲೆಗೆ ಒಣಮೀನಿನ ಚಟ್ನಿ ಮತ್ತು ಬೆಲ್ಲದ ಕಾಫಿ. ಅಪ್ಪನಿಗೆ ಕೋಡುಬಳೆ. ಅಮ್ಮನಿಗೆ ಹೋಳಿಗೆ. ಧೂಪ ಹಾಕಿ, ಕೈಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂರಬೇಕು. ಹಿರಿಯರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಬಾಗಿಲ ಹತ್ತಿರ ಹೋಗಿ ಕೆಮ್ಮಿ, ಅವರಿಗೆ ಎದ್ದುಹೋಗಲು ಅವಕಾಶ ಕೊಟ್ಟು, ಆಮೇಲೆ ಬಾಗಿಲು ತೆರೆಯಬೇಕು. ಆ ಕೆಮ್ಮುವ ಕೆಲಸ ನನ್ನದು. ಯಜಮಾನಿಕೆಯೆಂದು ಈ ಮನೆಯಲ್ಲಿ ನನಗೆ ಉಳಿದಿರುವುದು ಅದೊಂದೇ.

ಬಾಗಿಲು ತೆರೆದ ಮೇಲೆ ಆ ಎಲೆಗಳ ಮುಂದೆ ನಾವೇ ಕುಳಿತು ಉಣ್ಣುತ್ತೇವೆ. ಯಾರು ಯಾವ ಎಲೆಗೆ ಎನ್ನುವುದು ಹೇಗೋ ಗೊತ್ತಾಗಿಬಿಟ್ಟಿದೆ. ನನ್ನ ತಮ್ಮ ಸುರೇಶ ಹಬ್ಬಕ್ಕೆಂದು ಮೂಡಿಗೆರೆಯಿಂದ ಬರುತ್ತಾನೆ. ಅವನು ಯಾವಾಗಲೂ ಅಜ್ಜನ ಎಲೆಗೇ ಕೂರುತ್ತಾನೆ. ‘ನಂಗೂ ಅಜ್ಜಂಗೂ ಏನೋ ಋಣಾನುಬಂಧ ಮಾರಾಯ’ ಎಂದು ಲೋಟ ಎತ್ತಿಕೊಳ್ಳುತ್ತಾನೆ. ಅವನು ಹುಟ್ಟುವುದಕ್ಕೆ ಬಹಳ ಮೊದಲೇ ಅಜ್ಜ ತೀರಿಕೊಂಡಿದ್ದರು.

ಆ ವರ್ಷ ಅಮಾವಾಸ್ಯೆಯೂ ಹ್ಯಾಲೋವೀನೂ ಒಂದೇ ದಿನ ಬಂದವು. ಹ್ಯಾಲೋವೀನ್ ಎಂದರೇನು ಎಂದು ನಮಗೆ ತಿಳಿಸಿದವಳು ಮಗಳು ಚೈತ್ರ. ತೋಟದ ಕೆಳಗಿನ ಹಳೆಯ ಗೋಡೌನನ್ನು ಎರಡು ಕೋಣೆಯ ಹೋಂಸ್ಟೇ ಮಾಡಿಕೊಂಡು ನಡೆಸುತ್ತಾಳೆ. ಅತ್ತಿಗುಂಡಿಯ ಕಡೆಯ ಹೋಂಸ್ಟೇಗಳಲ್ಲೆಲ್ಲ ಕುಂಬಳಕಾಯಿಗೆ ಕಣ್ಣು ಮೂಗು ಕೊರೆದು ಒಳಗೆ ದೀಪ ಇಡುತ್ತಾರಂತೆ, ಬಂದವರು ದೆವ್ವದ ವೇಷ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಂತೆ. ನನ್ನ ಹೆಂಡತಿ ವಿಮಲ ಇದನ್ನು ಕೇಳಿ, ‘ಕುಂಬಳಕಾಯಿ ಕೊರೆದು ತಿರುಳನ್ನ ಎಂತ ಮಾಡ್ತಾರೆ?’ ಎಂದಳು. ಬಿಸಾಡುತ್ತಾರೆ ಎಂದು ಗೊತ್ತಾದಾಗ ಅವಳಿಗೆ ಆ ಹಬ್ಬದ ಮೇಲಿನ ಗೌರವ ಹೋಯಿತು. ನನಗೇನೋ ಅದು ಅಷ್ಟು ಪರದೇಶದ್ದೆನಿಸಲಿಲ್ಲ. ಬೂದುಕುಂಬಳಕ್ಕೆ ಮೀಸೆ ಬರೆದು ಮನೆಯ ಮುಂದೆ ನೇತುಹಾಕುವವರು ನಾವು. ದೀಪಾವಳಿಯ ಹಿಂದಿನ ರಾತ್ರಿ ಪಕ್ಕದವರ ಹಿತ್ತಿಲಿನ ಸೌತೆಕಾಯಿ ಕದಿಯುವುದನ್ನು ಶಾಸ್ತ್ರವೆಂದೇ ನಂಬಿ ಬೆಳೆದವರು. ಹ್ಯಾಲೋವೀನಿಗೆ ಪರದೇಶದ ಮಕ್ಕಳು ಮನೆ ಮನೆಗೆ ಹೋಗಿ ಮಿಠಾಯಿ ಕೇಳಿ ತೆಗೆದುಕೊಳ್ಳುತ್ತಾರಂತೆ. ನಾವು ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಹಬ್ಬದ ದಿನ ಹೋಂಸ್ಟೇಗೆ ಯಾರೂ ಬರುವವರಿರಲಿಲ್ಲ. ಚೈತ್ರಳಿಗೆ ಮಾಡಬೇಕೆಂದಿದ್ದ ಉತ್ಸಾಹ ಹಾಗೇ ಉಳಿದು ನಮ್ಮ ಕಡೆಗೆ ತಿರುಗಿತು. ‘ಅಪ್ಪ, ಊರಿನವರ ದೆವ್ವ ಎಲ್ಲ ಎಂತಕ್ಕೆ? ನಮ್ಮನೇದೇ ನಾಲ್ಕು ಅವೆಯಲ್ಲ. ಒಬ್ಬೊಬ್ರು ಒಬ್ಬೊಬ್ಬ ಹಿರಿಯರ ವೇಷ ಹಾಕಣ. ಎಡೆ ಇಡೋ ಮುಂಚೆ ಅವರ ಕಥೆ ಹೇಳಣ’ ಎಂದಳು. ನನಗೆ ಇದರಲ್ಲಿ ಆಕ್ಷೇಪಿಸುವಂಥದ್ದು ಕಾಣಲಿಲ್ಲ. ವಿಮಲಳಿಗೆ ನನ್ನ ಅಮ್ಮನ ಪಾತ್ರ ಕೊಟ್ಟರು. ಅವಳು, ‘ನಿಮ್ಮಮ್ಮನ ಥರ ಮಾತಾಡ್ಬೇಕಾ? ಮಾತಾಡ್ತೀನಿ. ಆಮೇಲೆ ಯಾರೂ ಬೇಜಾರು ಮಾಡ್ಕಬಾರ್ದು’ ಎಂದಳು. ಸುರೇಶ ಅಪ್ಪನ ಕನ್ನಡಕ ಹುಡುಕಿಕೊಂಡ. ನನಗೆ ಅಜ್ಜ ಬಂದರು. ಚೈತ್ರ ಅಜ್ಜಿಯನ್ನು ತಾನೇ ಇಟ್ಟುಕೊಂಡಳು.

ತೊಂದರೆ ಶುರುವಾದದ್ದು ಅಲ್ಲಿ. ಚೈತ್ರ ಒಂದು ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಎದುರು ಬಂದು ಕುಳಿತು, ‘ಮುತ್ತಜ್ಜಿ ಹೆಂಗಿದ್ರು?’ ಎಂದು ಕೇಳಿದಳು. ‘ಒಣಮೀನಿನ ಚಟ್ನಿ ಅಂದ್ರೆ ಅವರಿಗೆ ಪ್ರಾಣ’ ಎಂದೆ.

‘ಮತ್ತೆ?’

‘ಬೆಲ್ಲದ ಕಾಫಿ ಕುಡೀತಿದ್ರು.’

‘ಅದು ಎಲೆ ಮೇಲಿರದು. ಮುತ್ತಜ್ಜಿ ಹೆಂಗಿದ್ರು ಅಂತ ಕೇಳಿದ್ದು. ಉದ್ದಾನಾ, ಗಿಡ್ಡಾನಾ? ಜೋರಾ, ಪಾಪಾನಾ? ಹೆಸರೆಂತ?’

ನಾನು ಯೋಚಿಸಿದೆ. ಅಜ್ಜಿ ಹೋದಾಗ ನಾನು ತೊಟ್ಟಿಲಿನಲ್ಲಿದ್ದೆ. ಎಲ್ಲರೂ ಅವರನ್ನು ‘ದೊಡ್ಡವ್ವ’ ಎನ್ನುತ್ತಿದ್ದರು ಎಂದು ಕೇಳಿದ್ದೆ. ಮನೆಯಲ್ಲಿ ಅಜ್ಜನ ಒಂದು ಫೋಟೋ ಇದೆ. ಕರಿ ಕೋಟು, ತಲೆಗೆ ಪೇಟ, ಕೈಯಲ್ಲಿ ಕೋವಿ. ಅದರ ಎಡದ ಅಂಚಿನಲ್ಲಿ ಒಂದು ಸೀರೆಯ ಸೆರಗು ಕಾಣುತ್ತದೆ. ಅದು ಅಜ್ಜಿಯದೆಂದು ನಂಬಿಕೆ. ನಾನು ಸಾಕ್ಷಿ ಹೇಳಲಾರೆ. ಆ ಬೆಳಿಗ್ಗೆ ನನಗೆ ಹೊಳೆದದ್ದು ಇಷ್ಟು. ನಮ್ಮ ಮನೆತನದ ಇತಿಹಾಸವೆಂದು ನನಗೆ ಗೊತ್ತಿರುವುದೆಲ್ಲ ಒಂದು ಊಟದ ವಿವರ. ಅಜ್ಜನ ಬಗ್ಗೆ ಕೇಳಿದ್ದರೆ ಬ್ರಾಂದಿ ಎನ್ನುತ್ತಿದ್ದೆ. ಮೂವತ್ತು ಎಕರೆ ಕಾಡನ್ನು ಕಡಿದು ಕಾಫಿ ಎಬ್ಬಿಸಿದ ಮನುಷ್ಯನ ಬಗ್ಗೆ ಮೊಮ್ಮಗನ ತಿಳುವಳಿಕೆ ಒಂದು ಲೋಟದೊಳಗೆ ಹಿಡಿಸುತ್ತಿತ್ತು.

ಇದ್ದದ್ದರಲ್ಲಿ ಅಜ್ಜನ ಕೋಟಾದರೂ ಇತ್ತು. ಪೆಟ್ಟಿಗೆಯಿಂದ ತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗೆ ಹಾಕಿದೆವು. ನಾನು ತೊಟ್ಟುಕೊಂಡೆ. ತೋಳು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಜಾಗ ಉಳಿಯಿತು. ಅಷ್ಟು ಸಣ್ಣ ಮನುಷ್ಯ ಅಷ್ಟು ದೊಡ್ಡ ಹೆಸರು ಮಾಡಿದ್ದು ಹೇಗೋ. ‘ಉಸಿರು ಎಳ್ಕಣಿ’ ಎಂದಳು ವಿಮಲ. ಎಳೆದುಕೊಂಡೆ. ಬೆನ್ನಿನ ಹೊಲಿಗೆ ಚರಕ್ಕೆಂದಿತು. ನನ್ನನ್ನು ಪಾತ್ರದಿಂದ ತೆಗೆದುಹಾಕಿ ಕೋಟನ್ನು ಕುರ್ಚಿಗೆ ನೇತುಹಾಕಿದರು.

ಅಜ್ಜಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವರು ಗಿರಿಜತ್ತೆ ಒಬ್ಬರೇ. ಅಪ್ಪನ ತಂಗಿ, ಎಂಬತ್ತು ದಾಟಿದ್ದಾರೆ, ಕಳಸದಲ್ಲಿ ಮಗನ ಮನೆಯಲ್ಲಿದ್ದಾರೆ. ಆದರೆ ಅವರು ಹಬ್ಬಕ್ಕೆ ಬರುವ ಹಾಗಿಲ್ಲ. ಕೊಟ್ಟ ಹೆಣ್ಣು ತವರಿನ ಎಡೆಯನ್ನು ಮುಟ್ಟಬಾರದು, ಆ ದಿನ ಆ ಮನೆಯಲ್ಲಿ ಇರಲೂಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಮದುವೆಯಾದ ಮೇಲೆ ಅವಳ ಹಿರಿಯರು ಗಂಡನ ಮನೆಯವರು. ಹಾಗಾಗಿ ಗಿರಿಜತ್ತೆ ತನ್ನ ಅವ್ವ ತೀರಿಕೊಂಡ ಮೇಲೆ ಒಂದು ಸಲವೂ ಅವ್ವನ ಎಲೆಯನ್ನು ನೋಡಿರಲಿಲ್ಲ. ಇದನ್ನು ನಾವು ಯಾರೂ ಯೋಚಿಸಿರಲೂ ಇಲ್ಲ. ಚೈತ್ರ ಫೋನ್ ಮಾಡಿದಾಗ ಸ್ಪೀಕರಿನಲ್ಲಿ ನಾವೂ ಕೇಳಿಸಿಕೊಂಡೆವು.

‘ಎಡೆಗೆ ನಾ ಬರಂಗಿಲ್ಲ ಮಾರಾಯ್ತಿ, ನಿಂಗೊತ್ತಲ್ಲ.’

‘ಎಡೆಗೆ ಕರೀತಿಲ್ಲ ಅಜ್ಜಿ. ಹ್ಯಾಲೋವೀನ್‌ಗೆ ಕರೀತಿರದು.’

‘ಅದ್ಯಾವ ದೇವ್ರು?’

‘ದೇವ್ರಲ್ಲ. ದೆವ್ವ.’

‘ದೆವ್ವಕ್ಕಾದ್ರೆ ಬರಬಹುದು. ಅದಕ್ಕೆ ಯಾರೂ ಶಾಸ್ತ್ರ ಹೇಳಿಲ್ಲ. ಜೀಪು ಕಳ್ಸು’ ಎಂದರು.

ಅಮಾವಾಸ್ಯೆಯ ಮಧ್ಯಾಹ್ನ ಜೀಪಿನಿಂದ ಇಳಿದವರು ನೇರವಾಗಿ ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಮನೆಯ ಹೆಂಚು, ತುಳಸಿಕಟ್ಟೆ, ಕಣ, ಕೆಳಗಿನ ತೋಟದಲ್ಲಿ ಕೆಂಪಾಗುತ್ತಿದ್ದ ಹಣ್ಣು ಎಲ್ಲವನ್ನೂ ಒಂದು ಸುತ್ತು ನೋಡಿ, ‘ಸಿಲ್ವರ್ ಮರ ಎಲ್ಲ ಕಡಿಸಿ ಹಾಕೀಯಲ್ಲ ಮಾರಾಯ, ನೆರಳು ಯಾರು ಕೊಡ್ತಾರೆ, ನೀನಾ?’ ಎಂದು ನನ್ನ ಹೊಟ್ಟೆಯನ್ನು ನೋಡಿದರು. ಆಮೇಲೆ ಬಂದು ಕಾಲು ತೊಳೆದುಕೊಂಡರು.

ಸಂಜೆಯಾಗುತ್ತಿದ್ದ ಹಾಗೆ ವಿಮಲ ಎಲೆ ಹಾಸಿ ಬಡಿಸತೊಡಗಿದಳು. ಅತ್ತೆ ನಡುಮನೆಯ ಹೊಸ್ತಿಲಿನ ಹೊರಗೇ ಒಂದು ಮಣೆ ಹಾಕಿಸಿಕೊಂಡು ಕೂತಿದ್ದರು. ‘ಮುಟ್ಟಲ್ಲ, ಒಳಗೆ ಬರಲ್ಲ. ಕಣ್ಣಿಗೆ ಯಾರೂ ಶಾಸ್ತ್ರ ಮಾಡಿಲ್ಲ’ ಎಂದರು. ಸುರೇಶ ಅಪ್ಪನ ಕನ್ನಡಕ ಹಾಕಿಕೊಂಡು, ಏನೂ ಕಾಣದೆ ಗೋಡೆ ಹಿಡಿದು ನಡೆದು ಬಂದು, ಅಜ್ಜನ ಎಲೆಯ ಪಕ್ಕದಲ್ಲಿ ಬ್ರಾಂದಿಯ ಲೋಟ ಇಟ್ಟ.

‘ಅದು ಯಾರಿಗೆ?’ ಎಂದರು ಅತ್ತೆ.

‘ಅಜ್ಜಂಗೆ.’

‘ಅಪ್ಪಯ್ಯಂಗೆ ಬ್ರಾಂದಿಯಾ? ಅವರು ಅದರ ವಾಸನೆ ಬಂದ್ರೆ ಬೆತ್ತ ತಗತಿದ್ರು! ಒಂದು ಸಲ ನಿಮ್ಮಪ್ಪ ಕುಡ್ಕಂಡು ಬಂದಾಗ ಅಟ್ಟದ ಮೇಲೆ ಕೂಡಿ ಹಾಕಿದ್ರು. ಯಾವ ಪುಣ್ಯಾತ್ಮ ಶುರು ಮಾಡಿದ್ದು ಇದನ್ನ?’

ಶುರು ಮಾಡಿದವರು ಅಪ್ಪ. ಇದು ನನಗೆ ಚೆನ್ನಾಗಿ ನೆನಪಿದೆ. ‘ನಿಮ್ಮಜ್ಜಂಗೆ ಇದಿಲ್ದೆ ಆಗ್ತಿರಲಿಲ್ಲ’ ಎನ್ನುತ್ತಾ ಗಂಭೀರವಾಗಿ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದರು. ಬಾಗಿಲು ತೆರೆದ ಮೇಲೆ ಅಜ್ಜನ ಎಲೆಗೆ ಕೂರುತ್ತಿದ್ದವರೂ ಅವರೇ. ವರ್ಷದಲ್ಲಿ ಅಮ್ಮ ಏನೂ ಅನ್ನದೆ ಇರುತ್ತಿದ್ದ ದಿನ ಅದೊಂದೇ. ಸುರೇಶ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಮುಖದಲ್ಲಿ ಕುಲಕ್ಕೇ ಕುತ್ತು ಬಂದ ಕಳವಳವಿತ್ತು. ‘ಅತ್ತೆ, ಆಗ ಕುಡೀತಿರಲಿಲ್ಲ ಸರಿ. ಸತ್ತ ಮೇಲೆ ಮನಸ್ಸು ಬದಲಾಗಿರಬಹುದಲ್ವಾ?’ ಎಂದ.

‘ನಿಮ್ಮಪ್ಪನ ಎಲೆ ಹತ್ರ ಸರ್ಸು ಅದನ್ನ. ಅವನಿಗೆ ಬೇಕಿದ್ದು ಅದು. ಕೋಡುಬಳೆ ಅಂತೆ ಕೋಡುಬಳೆ. ಅವನಿಗೆ ಹಲ್ಲೆಲ್ಲಿತ್ತು?’

ಕೋಡುಬಳೆ ನನಗೆ ಇಷ್ಟ. ಈ ಮಾತನ್ನು ಆಗ ಯಾರೂ ಕೇಳಲಿಲ್ಲವಾದ್ದರಿಂದ ನಾನೂ ಹೇಳಲಿಲ್ಲ. ಸುರೇಶ ಲೋಟವನ್ನು ಅಪ್ಪನ ಎಲೆಗೆ ಸರಿಸಿ, ತಾನು ಅಪ್ಪನ ವೇಷದಲ್ಲೇ ಇರುವುದು ನೆನಪಾಗಿ, ಕನ್ನಡಕವನ್ನು ಮತ್ತೆ ಹಾಕಿಕೊಂಡ. ಎಲ್ಲರೂ ನಕ್ಕೆವು. ಅಷ್ಟರಲ್ಲಿ ವಿಮಲ ಅಜ್ಜಿಯ ಎಲೆಗೆ ಒಣಮೀನಿನ ಚಟ್ನಿ ಬಡಿಸಿದಳು.

ಅತ್ತೆ ನಗುತ್ತಿದ್ದವರು ನಿಲ್ಲಿಸಿದರು. ‘ಅದು ನಮ್ಮವ್ವನ ಎಲೆಯಲ್ವಾ?’ ಎಂದರು.

‘ಹೌದತ್ತೆ. ಅವರಿಗೆ ಇಷ್ಟ ಅಂತ.’

‘ಯಾರಂದ್ರು?’

‘ನಮ್ಮತ್ತೆ ಹೇಳ್ಕೊಟ್ಟಿದ್ದು’ ಎಂದಳು ವಿಮಲ. ಅವಳ ಅತ್ತೆ ಎಂದರೆ ನನ್ನ ಅಮ್ಮ. ಘಟ್ಟದ ಕೆಳಗಿನವರು. ಒಣಮೀನಿಲ್ಲದೆ ಅನ್ನ ಇಳಿಯದವರು. ಅಮ್ಮ ಇದ್ದಷ್ಟು ವರ್ಷ ಅಜ್ಜಿಯ ಎಲೆಗೆ ಕುಳಿತವರು ಯಾರೆಂದು ನಾನು ಬೇರೆ ಹೇಳಬೇಕಿಲ್ಲ.

ಗಿರಿಜತ್ತೆ ಜೋರು ಮಾಡುತ್ತಾರೆಂದು ಕಾದೆವು. ಮಾಡಲಿಲ್ಲ. ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಆ ಎಲೆಯನ್ನೇ ನೋಡುತ್ತಾ, ‘ಅವ್ವ ಮೀನಿನ ವಾಸನೆಗೆ ಒಲೆ ಬಿಟ್ಟು ಹಿತ್ತಿಲಿಗೆ ಹೋಗೋಳು. ಸೆರಗು ಮೂಗಿಗೆ ಹಿಡ್ಕಂಡು’ ಎಂದರು. ‘ಇಷ್ಟು ವರ್ಷ ಬಂದು, ನೋಡಿ, ಹಂಗೇ ಹೋಗಿರ್ತಾಳೆ. ನಾನು ಕಳಸದಲ್ಲಿ ಕೂತ್ಕಂಡು, ನಮ್ಮವ್ವ ಇವತ್ತು ಹೊಟ್ಟೆ ತುಂಬ ಉಂಡಿರ್ತಾಳೆ ಅಂದ್ಕಂಡಿರ್ತಿದ್ದೆ.’

ಬಾಗಿಲ ಬಳಿ ನಿಂತಿದ್ದ ಚೈತ್ರ ಅಜ್ಜಿಯ ವೇಷಕ್ಕೆಂದು ತಲೆಗೆ ಬಿಳಿ ಹಿಟ್ಟು ಬಳಿದುಕೊಂಡಿದ್ದಳು. ಅತ್ತೆಯ ಪಕ್ಕ ಕುಳಿತು, ‘ಅವರಿಗೆ ಎಂತ ಇಷ್ಟ ಇತ್ತು ಅಜ್ಜಿ? ಈಗ ಮಾಡಣ’ ಎಂದಳು.

ಅತ್ತೆ ಅಜ್ಜನ ಎಲೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. ‘ಹೇಳಂಗಿಲ್ಲ. ಅವ್ವಂಗೆ ಭಾಷೆ ಕೊಟ್ಟೀನಿ.’

‘ಯಾರಿಗೂ ಹೇಳಲ್ಲ ನಾವು.’

‘ಅಪ್ಪಯ್ಯ ಅಲ್ಲೇ ಇರ್ತಾರಲ್ಲ ಮಾರಾಯ್ತಿ!’

ಕೊನೆಗೆ ಅವರು ಎದ್ದು ಜಗಲಿಗೆ ಬಂದು, ಎಲೆಗಳಿಗೆ ಕೇಳಿಸದಷ್ಟು ದೂರ ಕುಳಿತು ಹೇಳಿದರು. ಅಜ್ಜಿಗೆ ಇಷ್ಟವಿದ್ದದ್ದು ಟೀ.

ಘಟ್ಟದ ಮೇಲಿನವರಲ್ಲದ ಓದುಗರಿಗೆ ಇದರ ಭಾರ ತಿಳಿಯದೆ ಹೋಗಬಹುದು. ನಮ್ಮಲ್ಲಿ ಕಾಫಿ ಬೆಳೆಗಾರನ ಮನೆಯೊಳಗೆ ಟೀ ಕುಡಿಯುವುದೆಂದರೆ ಅರ್ಚಕನ ಹೆಂಡತಿ ಬೇರೆ ದೇವರಿಗೆ ಹರಕೆ ಹೊತ್ತ ಹಾಗೆ. ಅಜ್ಜ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟಂತೆ. ಟೀ ಕೊಟ್ಟರೆಂಬ ಒಂದೇ ಕಾರಣಕ್ಕೆ ನೆಂಟರೊಬ್ಬರ ಮನೆಯ ಮದುವೆಯಿಂದ ಎದ್ದು ಬಂದಿದ್ದರಂತೆ. ಅಜ್ಜಿಗೋ ಕಾಫಿ ಕುಡಿದರೆ ಎದೆಯುರಿ. ಹಾಗೆಂದು ಹೇಳುವುದೂ ಕಷ್ಟ, ಬೆಳೆದ ಬೆಳೆಗೆ ಅವಮಾನ. ಕೂಲಿಯವರ ಲೈನಿನಲ್ಲಿ ಮೇಸ್ತ್ರಿಯ ಹೆಂಡತಿ ಸಂಜೆ ಹೊತ್ತು ಬೆಲ್ಲ ಹಾಕಿ ಕರಿ ಟೀ ಕಾಯಿಸುತ್ತಿದ್ದಳು. ಅಜ್ಜಿ ಒಂದು ಹಿತ್ತಾಳೆ ಚೊಂಬಿಗೆ ಬಾಳೆಲೆ ಮುಚ್ಚಿ, ಮಗಳ ಕೈಗೆ ಕೊಟ್ಟು ಕಳಿಸುತ್ತಿದ್ದರು. ‘ಯಾರಾದ್ರು ಕೇಳಿದ್ರೆ ಹಸು ಕಾಯಿಲೆಗೆ ಕಷಾಯ ಅನ್ಬೇಕು. ನಮ್ಮ ಕೊಟ್ಟಿಗೆ ಹಸುಗಳು ಪಾಪ, ದಿನಾ ಕಾಯಿಲೆ’ ಎಂದರು ಅತ್ತೆ. ‘ಕೊಟ್ಟಿಗೆಯ ಹಿಂದೆ ನಿಂತ್ಕಂಡು ಕುಡಿಯೋಳು. ಅವ್ವ ಕಣ್ಮುಚ್ಚಿ ನಗೋದು ನಾ ನೋಡಿದ್ದು ಅಲ್ಲಿ ಮಾತ್ರ.’

ಟೀ ಮಾಡೋಣ ಎಂದು ಎದ್ದರೆ ನಮ್ಮ ಮನೆಯಲ್ಲಿ ಟೀಪುಡಿ ಇಲ್ಲ. ಆ ಮಟ್ಟಿಗೆ ಅಜ್ಜನ ಶಾಸನ ಇನ್ನೂ ಜಾರಿಯಲ್ಲಿತ್ತು. ಚೈತ್ರ ಹೋಂಸ್ಟೇಗೆ ಓಡಿ ಅತಿಥಿಗಳಿಗಿಟ್ಟಿದ್ದ ಗ್ರೀನ್ ಟೀ ಚೀಲಗಳನ್ನು ತಂದಳು. ಅತ್ತೆ ಮೂಸಿ ನೋಡಿ, ‘ಇದು ಹಸುವಿಗೇ ಸರಿ’ ಎಂದರು. ಆಮೇಲೆ ತಾವೇ ಎದ್ದರು. ‘ಲೈನು ಇದೆಯಲ್ವಾ ಇನ್ನೂ?’

ಲೈನು ಇದೆ. ಅದರೊಳಗೆ ಈಗ ಇರುವವರು ಅಸ್ಸಾಮಿನವರು. ಅತ್ತೆ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಚೈತ್ರಳ ತೋಳು ಹಿಡಿದು ಕಣದಿಂದ ಕೆಳಗೆ ಇಳಿದರು. ನಾನು ಹಿಂದೆ ಹೋದೆ. ತಲೆಗೆ ಹಿಟ್ಟು ಬಳಿದುಕೊಂಡ ಚೈತ್ರಳನ್ನು ಮುಸ್ಸಂಜೆಯಲ್ಲಿ ಕಂಡು ಅಲ್ಲಿನ ನಾಯಿ ಬಾಲ ಮಡಚಿಕೊಂಡು ಒಳಗೆ ಹೋಯಿತು. ಮೊದಲ ಮನೆಯ ರೂಪಾಲಿ ಎಂಬ ಹೆಂಗಸು ಒಲೆಯ ಮುಂದೆ ಇದ್ದಳು. ಅತ್ತೆ ಅವಳಿಗೆ ಕನ್ನಡದಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಅವಳಿಗೆ ‘ಟೀ’, ‘ಬೆಲ್ಲ’, ‘ಅವ್ವ’ ಎನ್ನುವುದು ಅರ್ಥವಾಯಿತೆಂದು ತೋರುತ್ತದೆ. ‘ಅವ್ವಂಗೆ ಲಾಲ್ ಚಾ? ಬೆಲ್ಲ ಇದೆ, ಕೂತ್ಕೋ ಅಮ್ಮ’ ಎಂದು ನೀರಿಟ್ಟಳು. ಹಾಲು ಹಾಕದ ಕರಿ ಟೀಗೆ ಅವರ ಕಡೆ ಹಾಗೆನ್ನುತ್ತಾರಂತೆ. ಚೊಂಬು ತುಂಬಿದ ಮೇಲೆ ಅತ್ತೆ ಅತ್ತಿತ್ತ ನೋಡಿ ಒಂದು ಬಾಳೆಲೆಯ ತುಂಡು ಹರಿದುಕೊಂಡು ಮುಚ್ಚಿದರು. ಯಾರಿಂದ ಮುಚ್ಚಿಡಬೇಕಿತ್ತೋ ಅವರು ಹೋಗಿ ನನ್ನ ವಯಸ್ಸಿಗಿಂತ ಹೆಚ್ಚು ವರ್ಷವಾಗಿದೆ. ಆದರೂ ಹತ್ತುವಾಗ ಅವರು ಮನೆಯ ಮುಂಬಾಗಿಲಿನ ಹಾದಿ ಹಿಡಿಯಲಿಲ್ಲ. ಕೊಟ್ಟಿಗೆಯ ಹಿಂದಿನಿಂದ ಬಂದರು.

ಈಗ ಎರಡು ಪ್ರಶ್ನೆ ಎದ್ದವು. ಅಜ್ಜಿಯ ಎಲೆ ಅಜ್ಜನ ಎಲೆಯ ಪಕ್ಕದಲ್ಲೇ ಇದೆ, ಅಲ್ಲಿ ಟೀ ಇಡುವುದು ಹೇಗೆ? ಮತ್ತೆ, ಇಡುವವರು ಯಾರು? ಅತ್ತೆ ಚೊಂಬನ್ನು ಯಾರಿಗೂ ಕೊಡದೆ ಎದೆಗೆ ಅವುಚಿಕೊಂಡು ಹೊಸ್ತಿಲಿನ ಹೊರಗೆ ನಿಂತಿದ್ದರು. ವಿಮಲ ಕೈಚಾಚಿ, ‘ಕೊಡಿ ಅತ್ತೆ, ನಾನಿಡ್ತೀನಿ’ ಎಂದಳು.

‘ನಾನೇ ಇಡ್ತಿದ್ದೆ ಅವಳ ಕೈಗೆ’ ಎಂದರು ಅತ್ತೆ.

ವಿಮಲ ನನ್ನ ಮುಖ ನೋಡಿದಳು. ಪದ್ಧತಿಗಳ ವಿಷಯದಲ್ಲಿ ಅವಳು ಸಡಿಲ ಬಿಡುವವಳಲ್ಲ. ಈ ಮನೆಗೆ ಬಂದಾಗ ಅವುಗಳನ್ನು ಕಲಿಯಲು ಪಟ್ಟ ಪಾಡಿಗೆ ಅವಳಿಗೆ ಇನ್ನೂ ಬೆಲೆ ಸಂದಿಲ್ಲ. ‘ಕೊಟ್ಟ ಹೆಣ್ಣು ಮುಟ್ಟಿದ್ರೆ ಹಿರಿಯರು ಆ ಎಲೆ ಕಡೆ ತಿರುಗಿ ನೋಡಲ್ಲ ಅಂತಾರೆ’ ಎಂದು ಮೆಲ್ಲಗೆ ಹೇಳಿದಳು. ಅತ್ತೆ ವಾದಿಸಲಿಲ್ಲ. ‘ಹೌದು’ ಎಂದರು. ಚೊಂಬನ್ನೂ ಕೊಡಲಿಲ್ಲ. ಯಜಮಾನನಾದ ನಾನು ಏನಾದರೂ ಹೇಳಬೇಕೆಂದು ಎಲ್ಲರೂ ಕಾಯುತ್ತಿದ್ದರು. ನಾನು ಕೆಮ್ಮಿದೆ. ಟೀ ಆರುತ್ತಿತ್ತು.

ಚೈತ್ರ ಹೋಗಿ ಕುರ್ಚಿಯ ಮೇಲಿದ್ದ ಅಜ್ಜನ ಕೋಟನ್ನು ತಂದಳು. ಅತ್ತೆಯ ಹಿಂದೆ ನಿಂತು ಒಂದೊಂದೇ ತೋಳು ಹಾಕಿಸಿ, ಗುಂಡಿ ಸೇರಿಸಿದಳು. ನನ್ನ ಟವಲನ್ನು ಕಿತ್ತುಕೊಂಡು ಪೇಟದ ಹಾಗೆ ಸುತ್ತಿದಳು. ‘ಈಗ ಹೇಳಮ್ಮ. ಇವತ್ತು ಇವರು ಗಿರಿಜಜ್ಜಿ ಅಲ್ಲ. ಹ್ಯಾಲೋವೀನ್ ಇವತ್ತು’ ಎಂದಳು.

ನಾನು ಕಂಡಷ್ಟೇ ಹೇಳುತ್ತೇನೆ. ಕೋಟು ಅವರ ಅಳತೆಗೇ ಹೊಲಿದ ಹಾಗಿತ್ತು. ಗೋಡೆಯ ಮೇಲಿನ ಫೋಟೋದ ಅದೇ ದವಡೆ, ಅದೇ ಹುಬ್ಬು, ಕೋವಿಯ ಜಾಗದಲ್ಲಿ ಚೊಂಬು. ಕುಳಿತಿದ್ದ ಸುರೇಶ ಎದ್ದು ನಿಂತ. ನಾನೂ ಮಡಚಿ ಕಟ್ಟಿದ್ದ ಪಂಚೆಯನ್ನು ಬಿಟ್ಟೆ. ವಿಮಲ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದಳು. ಅವಳು ಶಾಸ್ತ್ರಕ್ಕೆ ಸರಿದಳೋ, ಮಾವನ ಅಪ್ಪನಿಗೆ ಸರಿದಳೋ ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅತ್ತೆ ಒಳಗೆ ನಡೆದರು. ಒಣಮೀನನ್ನು ಎತ್ತಿ ಅಮ್ಮನ ಎಲೆಗೆ ಹಾಕಿದರು. ಬೆಲ್ಲದ ಕಾಫಿಯನ್ನು ಬದಿಗೆ ಸರಿಸಿದರು. ಚೊಂಬನ್ನು ಅಲ್ಲಿಟ್ಟು, ಬಾಳೆಲೆ ತೆಗೆದು, ಗಂಡುದನಿ ಮಾಡಲು ಹೋಗಿ ಆಗದೆ ತಮ್ಮ ದನಿಯಲ್ಲೇ ಹೇಳಿದರು:

‘ರುಕ್ಕೂ, ಟೀ ತಗ. ಆರೋಗ್ತದೆ.’

ಅಜ್ಜಿಯ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಆ ಕಾಲದಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುತ್ತಿರಲಿಲ್ಲ ಎಂದು ಕೇಳಿದ್ದೇನೆ. ಅಜ್ಜ ಯಾವಾಗಲಾದರೂ ಕರೆದಿದ್ದರೋ ಇಲ್ಲವೋ, ಅವರ ಕೋಟಂತೂ ಆ ಸಂಜೆ ಕರೆಯಿತು.

ಬಾಗಿಲು ಎಳೆದುಕೊಂಡು ಜಗಲಿಯಲ್ಲಿ ಕುಳಿತೆವು. ಅತ್ತೆ ಕೋಟು ತೆಗೆಯಲಿಲ್ಲ, ಚಳಿ ಎಂದರು. ನಾನು ಬಾಗಿಲ ಹತ್ತಿರ ಹೋದಾಗ, ‘ಈಗಲೇ ಕೆಮ್ಬೇಡ. ಅವಳು ನಿಧಾನಕ್ಕೆ ಕುಡಿಯೋಳು’ ಎಂದರು. ಹಾಗಾಗಿ ಆ ವರ್ಷ ಬಹಳ ಹೊತ್ತು ಕಾದೆವು. ಒಳಗೆ ಹೋದಾಗ ಎಲ್ಲವೂ ಇಟ್ಟ ಹಾಗೇ ಇತ್ತು. ಟೀ ತಣ್ಣಗಾಗಿತ್ತು, ಕಡಿಮೆಯಾಗಿರಲಿಲ್ಲ. ಅಜ್ಜಿಯ ಎಲೆಗೆ ಈ ಸಲ ಅತ್ತೆಯನ್ನು ಕೂರಿಸಿದೆವು. ವಿಮಲಳೇ ಕೂರಿಸಿದಳು. ಅತ್ತೆ ತಣ್ಣಗಿನ ಟೀಯನ್ನು ಒಂದೇ ಗುಟುಕಿಗೆ ಕುಡಿದು, ‘ರೂಪಾಲಿ ಬೆಲ್ಲ ಸ್ವಲ್ಪ ಹೆಚ್ಚು ಹಾಕ್ತಾಳೆ’ ಎಂದರು.

ಊಟದ ನಡುವೆ ಚೈತ್ರಳಿಗೆ ದೂರದೃಷ್ಟಿ ಬಂದಿತು. ‘ಇನ್ನು ಹಿಂಗೆಲ್ಲ ಆಗದು ಬೇಡ. ಈಗಲೇ ಹೇಳ್ಬಿಡಿ, ಯಾರ್ಯಾರ ಎಲೆಗೆ ಎಂತೆಂತ ಇಡ್ಬೇಕು ಅಂತ’ ಎಂದಳು. ಅಪ್ಪನ ಎಲೆಗೆ ಕುಳಿತಿದ್ದ ಸುರೇಶ ಲೋಟ ಎತ್ತಿ ತೋರಿಸಿದ. ಅತ್ತೆ, ‘ನಂದು ಕಳಸದಲ್ಲಿ. ಮಗಂಗೆ ನನ್ನ ಬಗ್ಗೆ ಏನೂ ಗೊತ್ತಿಲ್ಲ, ನಾಳೆನೇ ಹೋಗಿ ಹೇಳ್ಬೇಕು’ ಎಂದು ನಕ್ಕರು. ವಿಮಲ ತನಗೆ ಬಿಸಿ ಬಿಸಿ ಇರುವ ಯಾವುದಾದರೂ ಸಾಕು, ಬದುಕಿದ್ದಾಗ ಬಿಸಿಯದು ಉಂಡದ್ದೇ ಇಲ್ಲ ಎಂದಳು. ಆಮೇಲೆ ಚೈತ್ರ ನನ್ನ ಕಡೆ ತಿರುಗಿದಳು.

ನಾನು ಬಾಯಿ ತೆರೆಯುವುದಕ್ಕೆ ಮೊದಲೇ ವಿಮಲ, ‘ಅವರನ್ನ ಕೇಳದೆಂತಕ್ಕೆ? ಕಳಲೆ ಪಲ್ಯ. ಅದೊಂದು ಇದ್ರೆ ಅವರಿಗೆ ಬೇರೇನೂ ಬೇಡ’ ಎಂದಳು.

ಕಳಲೆ ಎಂದರೆ ಎಳೆ ಬಿದಿರು. ಮದುವೆಯಾದ ಹೊಸತರಲ್ಲಿ ಅವಳು ಮೊದಲ ಸಲ ನನಗೆಂದು ಮಾಡಿ ಬಡಿಸಿದ್ದು ಅದನ್ನೇ, ಹೆಸರುಕಾಳು ಹಾಕಿ ಪಲ್ಯ. ಬಾಗಿಲ ಮರೆಯಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ‘ಚೆನ್ನಾಗಿದೆ’ ಎಂದು ಇನ್ನೊಂದು ಸಲ ಹಾಕಿಸಿಕೊಂಡಿದ್ದೆ. ಅದರ ವಾಸನೆ ನನಗೆ ಆಗುವುದಿಲ್ಲ. ಅಂದಿನಿಂದ ಪ್ರತಿ ಮಳೆಗಾಲದಲ್ಲೂ ಅವಳು ಬಿದಿರುಮೆಳೆಗೆ ಆಳು ಕಳಿಸಿ, ಜಿಗಣೆ ಕಚ್ಚಿಸಿಕೊಂಡು ತಾನೂ ಹೋಗಿ, ಹೆಚ್ಚಿ, ನೆನೆಸಿ, ಒಂದು ಭರಣಿ ತುಂಬ ಉಪ್ಪಿನಲ್ಲಿ ಹಾಕಿಡುತ್ತಾಳೆ. ವರ್ಷವೆಲ್ಲ ಬರಲಿ ಎಂದು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಿರಿಜತ್ತೆ ಸ್ವಲ್ಪ ಹೆಚ್ಚಾಗಿಯೇ ನೋಡುತ್ತಿದ್ದರು. ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಸಂಜೆ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಈಗ ಹೇಳದಿದ್ದರೆ ಮುಂದೆ ಹೇಳಲು ಬಾಯಿಯೂ ಇರುವುದಿಲ್ಲ. ವಿಮಲಳ ಮುಖದಲ್ಲಿ ಮಾತ್ರ ಸಂಶಯವೇ ಇರಲಿಲ್ಲ. ಆ ಮನೆಯಲ್ಲಿ ಆ ಹೊತ್ತಿಗೆ ಒಬ್ಬ ಮನುಷ್ಯನ ಇಷ್ಟ ತನಗೆ ಖಚಿತವಾಗಿ ಗೊತ್ತು ಎಂದು ನಂಬಿದ್ದವಳು ಅವಳೊಬ್ಬಳೇ.

‘ಹೆಸರುಕಾಳು ಸ್ವಲ್ಪ ಜಾಸ್ತಿ ಇರಲಿ’ ಎಂದೆ.